ಬಟಾಣಿಯ ಕ್ಲಾಸಿಗೆ ಯಾರು ಹೋಗಬೇಕು

ಮಧ್ಯಾಹ್ನ ಎದ್ದು ಚಪ್ಪಲಿಗಾಗಿ ಮಂಚದ ಕೆಳಗೆ ಕೈ ಹಾಕಿದೆ. ದಿನವೂ ಬೆರಳಿಗೆ ತಗುಲುತ್ತಿದ್ದ ಬಾಮೈದನ ಸೂಟ್‌ಕೇಸು ಅವತ್ತು ತಗುಲಲಿಲ್ಲ. ಬಗ್ಗಿ ನೋಡಿದರೆ ಅದು ಇದ್ದ ಕಡೆ ಧೂಳಿಲ್ಲದ ಒಂದು ಚೌಕ ಫಳಫಳ ಹೊಳೆಯುತ್ತಿತ್ತು.

ನನಗೆ ಎಷ್ಟು ಸಂತೋಷವಾಯಿತೆಂದರೆ, ಚಪ್ಪಲಿಯನ್ನೂ ಮರೆತು ಬರಿಗಾಲಲ್ಲೇ ಅಡುಗೆಮನೆಗೆ ಹೋಗಿ ಚಹಾ ಕಾಯಿಸಿಕೊಂಡೆ. ಸಕ್ಕರೆಯನ್ನು ಕೈಬಿಚ್ಚಿ ಹಾಕಿದೆ. ಹೆಂಡತಿಯ ತಮ್ಮ ನಮ್ಮ ಮನೆಗೆ ಬಂದದ್ದು ‘ರೂಮು ಸಿಗೋ ತನಕ’ ಎಂದು. ಊರಿನಲ್ಲಿ ರೂಮುಗಳಿಗೇನೂ ಬರವಿಲ್ಲ. ಆದರೆ ಅವನು ನೋಡಿದ ಒಂದು ರೂಮಿಗೆ ಗಾಳಿ ಬರುತ್ತಿರಲಿಲ್ಲ, ಇನ್ನೊಂದಕ್ಕೆ ಗಾಳಿ ಹೆಚ್ಚಾಯಿತು, ಮತ್ತೊಂದರ ಮಾಲೀಕನ ಮುಖ ಇವನಿಗೆ ಹಿಡಿಸಲಿಲ್ಲ. ಹೀಗೆ ನಮ್ಮ ಮುಂದಿನ ಕೋಣೆಯಲ್ಲಿ ಹಾಸಿಗೆ ಬಿಚ್ಚಿದವನು ಅದನ್ನು ಸುತ್ತಿಡುವ ಲಕ್ಷಣವೇ ಕಾಣುತ್ತಿರಲಿಲ್ಲ.

ಲೋಟ ಹಿಡಿದು ಕಿಟಕಿಯ ಬಳಿ ನಿಂತೆ. ಕೆಳಗೆ ಬೀದಿಯಲ್ಲಿ ಒಂದು ಮೆರವಣಿಗೆ ಬರುತ್ತಿತ್ತು. ಮುಂದೆ ನನ್ನ ಮಗಳು, ಸೈನ್ಯಕ್ಕೆ ದಾರಿ ತೋರಿಸುವವಳಂತೆ ಕೈ ಬೀಸುತ್ತ. ಅವಳ ಹಿಂದೆ ಬಾಮೈದ, ಚಕ್ರ ಮುರಿದ ಆ ಸೂಟ್‌ಕೇಸನ್ನು ತಲೆಯ ಮೇಲೆ ಹೊತ್ತುಕೊಂಡು. ಎದುರು ಮನೆಯ ದರ್ಜಿಯಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದಿದ್ದಳು.

“ಏನಪ್ಪ, ಕೊನೆಗೂ ರೂಮು ಸಿಕ್ತಾ?”

“ಇಲ್ಲ ಅಕ್ಕ, ಹೊಸ ವರ್ಷ!” ಎಂದ ಅವನು.

“ಕೊಲಂಬಿಯಾದಲ್ಲಿ ಹೊಸ ವರ್ಷ ಬಂದಾಗ ಖಾಲಿ ಸೂಟ್‌ಕೇಸ್ ಇಟ್ಕೊಂಡು ಬೀದಿ ಸುತ್ತಬೇಕು,” ಎಂದು ಮಗಳು ತಿಳಿಸಿ ಹೇಳಿದಳು. “ಆಗ ವರ್ಷವೆಲ್ಲ ಊರೂರು ತಿರುಗೋಕೆ ಸಿಗತ್ತೆ. ಮಿಸ್ ಹೇಳಿದಾರೆ.”

“ಹಾಗಾದ್ರೆ ನಿಮ್ಮ ಮಾಮ ಇನ್ನೊಂದು ಸುತ್ತು ಹಾಕ್ಲಿ. ಬೇಗ ಊರು ಬಿಟ್ರೆ ನಿಮ್ಮಪ್ಪನ ಪುಣ್ಯ.”

ಮೂವರೂ ನಕ್ಕರು. ನಾನು ಹಿಂದಿರುಗಿ ನೋಡಿದೆ. ಸೂಟ್‌ಕೇಸಿನೊಳಗೆ ಇರಬೇಕಾಗಿದ್ದ ಅವನ ಅಂಗಿ, ಪ್ಯಾಂಟು, ಬನಿಯನ್ನುಗಳೆಲ್ಲ ನನ್ನ ಕುರ್ಚಿಯ ಮೇಲೆ ಗುಡ್ಡೆ ಬಿದ್ದಿದ್ದವು. ಚಹಾ ಪಾಕದಂತೆ ಸಿಹಿಯಾಗಿತ್ತು. ಅರ್ಧಕ್ಕೇ ಬಿಟ್ಟೆ.

ಮಗಳನ್ನು ನಾವು ಕರೆಯುವುದು ಬಟಾಣಿ ಎಂದು. ಹುಟ್ಟಿದಾಗ ಹಾಗೆಯೇ ಇದ್ದಳು, ದುಂಡಗೆ, ಎಲ್ಲಿಟ್ಟರೂ ಉರುಳುವ ಹಾಗೆ. ಈಗ ಶಿಶುವಿಹಾರದ ದೊಡ್ಡ ತರಗತಿಗೆ ಬಂದಿದ್ದಾಳೆ. ದೀರ್ಘ ರಜೆಗೆ ಮೊದಲಿನ ಆ ತಿಂಗಳು ಅವರ ಮಿಸ್ಸು ಲೋಕದ ಹಬ್ಬಗಳನ್ನು ಹೇಳಿಕೊಡಲು ಶುರುಮಾಡಿದ್ದರು. ದಿನಕ್ಕೊಂದು ಮಗು ಮೇಜಿನ ಮೇಲಿನ ಗೋಳವನ್ನು ತಿರುಗಿಸಿ, ಕಣ್ಣು ಮುಚ್ಚಿ ಬೆರಳಿಡಬೇಕು. ಬೆರಳು ಬಿದ್ದ ದೇಶದಲ್ಲಿ ಜನ ರಜೆಯ ದಿನ ಏನು ಮಾಡುತ್ತಾರೆಂದು ಮಿಸ್ಸು ಹೇಳುತ್ತಾರೆ. ಸಮುದ್ರದ ಮೇಲೆ ಬಿದ್ದರೆ ಅವತ್ತು ಮೀನುಗಳಿಗೆ ರಜೆ ಎಂದು ನಕ್ಕು ಮತ್ತೆ ತಿರುಗಿಸಬೇಕು. ಬಹಳ ಒಳ್ಳೆಯ ಪಾಠ. ನನಗೆ ಪಾಠದ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಆ ಪಾಠ ಮನೆಗೆ ಬಂದ ಮೇಲೆ ನೇರವಾಗಿ ಯಾರ ಹತ್ತಿರ ಹೋಗುತ್ತಿತ್ತು ಎನ್ನುವುದರ ಮೇಲೆ ಇತ್ತು.

ನಾನು ಬೇಕರಿಯವನು. ಊರು ಹೊದ್ದು ಮಲಗಿದಾಗ ನಮ್ಮ ಒಲೆ ಹತ್ತುತ್ತದೆ. ಊರು ಹಲ್ಲುಜ್ಜುವ ಹೊತ್ತಿಗೆ ನಾನು ಕಣ್ಣುಜ್ಜುತ್ತ ಮನೆಗೆ ಬರುತ್ತೇನೆ. ಎಲ್ಲರಿಗೂ ರಜೆ ಎಂದರೆ ನಮಗೆ ಅದರ ಹಿಂದಿನ ರಾತ್ರಿ ಸೊಂಟ ಮುರಿಯುವಷ್ಟು ಕೆಲಸ, ಮಾರನೆಯ ದಿನ ಹೆಣದಂತೆ ನಿದ್ದೆ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ರೋಗಕ್ಕೆ ರಜೆಯಿಲ್ಲ, ಅವಳಿಗೂ ಇಲ್ಲ. ಬಾಮೈದನೊಬ್ಬನೇ ಕಚೇರಿಯ ಗುಮಾಸ್ತ. ಕ್ಯಾಲೆಂಡರಿನಲ್ಲಿ ಕೆಂಪು ಬಣ್ಣ ಕಂಡರೆ ಸಾಕು, ಹಿಂದಿನ ಸಂಜೆಯಿಂದಲೇ ಅವನ ಮುಖ ಕೆಂಪೇರುತ್ತದೆ. ಹೀಗಾಗಿ ನನ್ನ ಮಗಳ ರಜೆಗಳೆಲ್ಲ ಅವನ ಪಾಲಿಗೆ ಬಂದಿದ್ದವು.

ಡೆನ್ಮಾರ್ಕಿನಲ್ಲಿ ವರ್ಷದ ಕೊನೆಗೆ ಸ್ನೇಹಿತರ ಬಾಗಿಲಿಗೆ ಹಳೆಯ ತಟ್ಟೆ ಎಸೆದು ಒಡೆಯುತ್ತಾರಂತೆ. ನಾನು ಕೆಲಸಕ್ಕೆ ಹೋದ ಸಂಜೆ ಇವರಿಬ್ಬರೂ ದರ್ಜಿಯಮ್ಮನ ಬಾಗಿಲಿಗೆ ಒಂದು ತಟ್ಟೆ ಎಸೆದರು. ನಮ್ಮ ಮನೆಯಲ್ಲಿರುವುದೆಲ್ಲ ಸ್ಟೀಲಿನ ತಟ್ಟೆ. ಒಡೆಯಲಿಲ್ಲ, ಢಣ್ ಎಂದು ಬೀದಿಗೆಲ್ಲ ಕೇಳಿಸಿತು, ಅಷ್ಟೆ. ಮರುದಿನ ಊಟಕ್ಕೆ ಕೂತಾಗ ನನ್ನ ತಟ್ಟೆ ಜೋಕಾಲಿಯಂತೆ ಆಡುತ್ತಿತ್ತು.

“ನನ್ನ ತಟ್ಟೆನೇ ಬೇಕಿತ್ತಾ?” ಎಂದೆ.

“ಸ್ನೇಹ ಜಾಸ್ತಿ ಇರೋರ ಬಾಗಿಲಿಗೆ ಪ್ರೀತಿ ಇರೋರ ತಟ್ಟೆ ಎಸೀಬೇಕು ಭಾವ,” ಎಂದ ಬಾಮೈದ.

“ಅದು ಡೆನ್ಮಾರ್ಕಿನಲ್ಲಿ ಇದ್ಯಾ?”

“ಅದು ನಮ್ದು, ಸೇರಿಸಿದ್ದು.”

ಬಟಾಣಿ ಅವನ ತೊಡೆಗೆ ತಲೆಯಿಟ್ಟು ನಕ್ಕಳು. ಅವನ ತೊಡೆಗೆ. ನನ್ನ ತೊಡೆ ಪಕ್ಕದಲ್ಲೇ ಇತ್ತು.

ಹೊಟ್ಟೆಕಿಚ್ಚು ಎಂದರೆ ಏನೆಂದು ಅಲ್ಲಿಯ ತನಕ ನನಗೆ ಸರಿಯಾಗಿ ಗೊತ್ತಿರಲಿಲ್ಲ. ದೊಡ್ಡ ಮನೆ ಕಟ್ಟಿದವರನ್ನು ಕಂಡು, ಕಾರು ಕೊಂಡವರನ್ನು ಕಂಡು ಒಂದಿಷ್ಟು ಕರುಬಿದ್ದೇನೆ, ಎರಡು ದಿನಕ್ಕೆ ಮರೆತಿದ್ದೇನೆ. ಇದು ಹಾಗಲ್ಲ. ಒಲೆಯ ಬಾಗಿಲು ಮುಚ್ಚಿದ ಮೇಲೂ ಒಳಗೆ ಕಾವು ಇರುತ್ತದಲ್ಲ, ಆ ಬಗೆಯದು. ಮಲಗಿದರೂ ಇತ್ತು, ಹಿಟ್ಟು ನಾದುವಾಗಲೂ ಇತ್ತು.

ಬೂಟಿನ ದಿನ ಅದು ಇನ್ನೂ ಹೆಚ್ಚಾಯಿತು. ಹಾಲೆಂಡಿನ ಮಕ್ಕಳು ತಮ್ಮ ಬೂಟುಗಳನ್ನು ಇಟ್ಟು ಮಲಗುತ್ತಾರಂತೆ, ಬೆಳಿಗ್ಗೆ ಅದರಲ್ಲಿ ಸಿಹಿ ಸಿಗುತ್ತದಂತೆ. ಬಿಳಿ ಕುದುರೆಗೆಂದು ಒಂದು ಕ್ಯಾರೆಟ್ಟನ್ನೂ ಇಡುತ್ತಾರಂತೆ. ಅದನ್ನು ನನಗೆ ಹೇಳಿದ್ದು ಹೆಂಡತಿ. “ಬೂಟು ಬಾಗಿಲ ಹತ್ರ ಇಟ್ಟಿರ್ತಾಳೆ, ನೀವು ಬರ್ತಾ ಏನಾದ್ರೂ ತನ್ನಿ,” ಎಂದಿದ್ದಳು. ಸರಿ, ಸಿಕ್ಕಿತಲ್ಲ ಅವಕಾಶ ಎಂದುಕೊಂಡೆ. ಆ ದಿನದ ಕೊನೆಯ ತಟ್ಟೆಯಿಂದ, ಮೇಲೆ ಸಕ್ಕರೆ ಕರಗಿ ಹೊಳೆಯುತ್ತಿದ್ದ ಬನ್ನೊಂದನ್ನು ಆರಿಸಿ, ಕಾಗದದಲ್ಲಿ ಸುತ್ತಿ, ಆರಬಾರದೆಂದು ಅಂಗಿಯೊಳಗಿಟ್ಟುಕೊಂಡು ಮನೆಗೆ ಓಡಿದೆ.

ಬೂಟು ಇತ್ತು. ಅದರ ತುಂಬ ಟಾಫಿ. ಬಣ್ಣಬಣ್ಣದ ಕಾಗದದ ಟಾಫಿ ಬಾಯಿಯ ತನಕ ತುರುಕಿತ್ತು. ಕ್ಯಾರೆಟ್ಟನ್ನು ಯಾರೋ ಕುದುರೆಯಂತೆಯೇ ಕಚ್ಚಿ ಅರ್ಧ ಬಿಟ್ಟಿದ್ದರು. ಯಾರೆಂದು ಕೇಳಬೇಕಾಗಿರಲಿಲ್ಲ, ಮುಂದಿನ ಕೋಣೆಯಲ್ಲಿ ಆ ಕುದುರೆ ಮುಸುಕೆಳೆದು ಮಲಗಿತ್ತು. ನಾನು ಬನ್ನನ್ನು ಇನ್ನೊಂದು ಬೂಟಿನೊಳಗೆ ಒತ್ತಿ ಇಟ್ಟೆ. ಬೂಟು ಸಣ್ಣದು, ಬನ್ನು ದೊಡ್ಡದು. ಸ್ವಲ್ಪ ಹೆಚ್ಚೇ ಒತ್ತಬೇಕಾಯಿತು.

ಬಟಾಣಿ ಎದ್ದು ಬಂದು ಟಾಫಿ ಕಂಡು ಕುಣಿದಳು. ಬನ್ನನ್ನು ಕಂಡು, “ಅಪ್ಪ, ಬನ್ನು ದಿನಾ ಬರತ್ತಲ್ಲ,” ಎಂದಳು. ಕೊಂಕಿನಿಂದಲ್ಲ. ಇದ್ದದ್ದನ್ನು ಹೇಳಿದಳು. ಆಮೇಲೆ ಆ ಬೂಟಿಗೆ ಇರುವೆ ಮುತ್ತಿ ಹೆಂಡತಿ ನನಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವುದು ಬೇಡ.

ಅದೇ ವಾರ ಮಿಸ್ಸು ಹೇಳಿಕಳಿಸಿದರು: ಪಾಠ ಮುಗಿಯುತ್ತ ಬಂತು, ಕೊನೆಯ ದಿನ ಪ್ರತಿ ಮಗುವೂ ಮನೆಯಿಂದ ಒಬ್ಬ ದೊಡ್ಡವರನ್ನು ಕರೆತರಬೇಕು, ರಜೆಯ ದಿನ ತಮ್ಮ ಮನೆಯಲ್ಲಿ ಏನು ಮಾಡುತ್ತಾರೋ ಅದನ್ನು ಇಬ್ಬರೂ ಸೇರಿ ತೋರಿಸಬೇಕು. ಲೋಕವೆಲ್ಲ ಸುತ್ತಿ ಬಂದಾಯಿತು, ಈಗ ನಮ್ಮ ನಮ್ಮ ಮನೆ ನೋಡೋಣ ಎಂದು.

“ಮಾಮ ಬರ್ತಾನೆ,” ಎಂದಳು ಬಟಾಣಿ, ಅನ್ನ ಕಲಸಿಕೊಳ್ಳುತ್ತ. ಆಗಲೇ ನಿರ್ಧಾರವಾಗಿದ್ದ ವಿಷಯವನ್ನು ಹೇಳುವ ಧಾಟಿ.

“ನಾನು ಬರ್ತೀನಿ,” ಎಂದೆ.

ಮೂವರೂ ನನ್ನನ್ನು ನೋಡಿದರು.

“ನಿಮಗೆ ನಿದ್ದೆ ಅಲ್ವೇನ್ರಿ?” ಎಂದಳು ಹೆಂಡತಿ.

“ಒಂದಿನ ಬಿಟ್ರೆ ಸತ್ತೋಗಲ್ಲ.”

“ಅಪ್ಪ, ನಿನಗೆ ಬರಲ್ಲ,” ಎಂದಳು ಬಟಾಣಿ.

“ಏನು ಬರಲ್ಲ?”

“ನಮ್ಮನೆ ಹಬ್ಬ. ಅದು ಮಾಮನಿಗೆ ನನಗೆ ಮಾತ್ರ ಬರತ್ತೆ.”

ನಮ್ಮ ಮನೆಯಲ್ಲಿ ಒಂದು ಹಬ್ಬ! ಈ ಮನೆಗೆ ಬಾಡಿಗೆ ಕಟ್ಟುವವನಿಗೆ ಗೊತ್ತಿಲ್ಲದ ಹಬ್ಬ! ನಾನು ಬಾಮೈದನ ಮುಖ ನೋಡಿದೆ. ಅವನು ಮಜ್ಜಿಗೆ ಲೋಟದೊಳಗೆ ಮುಖ ಮುಚ್ಚಿಕೊಂಡಿದ್ದ.

“ಏನಯ್ಯ ಅದು ಹಬ್ಬ?”

“ಏನಿಲ್ಲ ಭಾವ, ಹೀಗೇ ಮಕ್ಕಳಾಟ. ನೀವೇ ಹೋಗಿ. ನೀವು ಹೋದ್ರೆ ಅದಕ್ಕೊಂದು ತೂಕ.”

ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಇವನು ಇಷ್ಟು ಸುಲಭವಾಗಿ, ನಗುನಗುತ್ತ ಬಿಟ್ಟುಕೊಟ್ಟದ್ದು ನನ್ನನ್ನು ಇನ್ನಷ್ಟು ಉರಿಸಿತು. ಕೈತುಂಬ ಇರುವವನು ಮಾತ್ರ ಹಾಗೆ ಕೊಡಬಲ್ಲ. ಬಟಾಣಿ ತಟ್ಟೆ ಬಿಟ್ಟು ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಳು.

“ಮಗು ಮುಖ ನೋಡಿ,” ಎಂದಳು ಹೆಂಡತಿ. “ನಿಮ್ಮದೇನು ಹಟ?”

“ನಾನು ಅವಳ ಅಪ್ಪ.”

“ಅದನ್ನ ಯಾರು ಇಲ್ಲ ಅಂದ್ರು ಈಗ?”

ಯಾರೂ ಅಂದಿರಲಿಲ್ಲ. ಆದರೂ ನನಗೆ ಅದನ್ನು ಒಂದು ಕೋಣೆ ತುಂಬ ಜನರ ಮುಂದೆ ನಿಂತು, ಅವಳ ಕೈ ಹಿಡಿದುಕೊಂಡು ತೋರಿಸಬೇಕಾಗಿತ್ತು.

ಹಬ್ಬ ಗೊತ್ತಿಲ್ಲದಿದ್ದರೇನು, ನನಗೆ ಕೈಕೆಲಸ ಗೊತ್ತಿದೆ. ಆ ಕೊನೆಯ ದಿನದ ಹಿಂದಿನ ರಾತ್ರಿ ಕೆಲಸವೆಲ್ಲ ಮುಗಿದು ಬೇಕರಿಯ ಒಲೆ ಖಾಲಿಯಾದಾಗ, ನಾನೊಂದು ಲೋಕವನ್ನೇ ಮಾಡಲು ಕೂತೆ. ದೊಡ್ಡ ದುಂಡನೆಯ ಬ್ರೆಡ್ಡು. ಬಿಳಿ ಹಿಟ್ಟು ಸಮುದ್ರ. ಕೋಕೋ ಪುಡಿ ಕಲಸಿದ ಕಂದು ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಬಟಾಣಿಯ ಪುಸ್ತಕದ ನಕ್ಷೆ ಪಕ್ಕದಲ್ಲಿಟ್ಟುಕೊಂಡು, ಚಾಕುವಿನ ತುದಿಯಿಂದ ಒಂದೊಂದೇ ಖಂಡವನ್ನು ಕತ್ತರಿಸಿ ಅಂಟಿಸಿದೆ. ಎಷ್ಟು ಚೆನ್ನಾಗಿ ಬಂತೆಂದರೆ, ಒಲೆಗೆ ಹಾಕಲು ಮನಸ್ಸೇ ಬರಲಿಲ್ಲ. ರಜೆಯ ದಿನ ಅಪ್ಪ ಮನೆಯವರಿಗೆಲ್ಲ ಹೀಗೊಂದು ಬ್ರೆಡ್ಡು ಮಾಡಿ ತರುತ್ತಾನೆ, ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ. ಇದೇ ನಮ್ಮ ಮನೆಯ ಪದ್ಧತಿ ಎಂದು ಹೇಳುವುದು. ಇಲ್ಲಿಯ ತನಕ ಇರಲಿಲ್ಲ, ನಿಜ. ಎಲ್ಲ ಪದ್ಧತಿಗೂ ಒಂದು ಮೊದಲ ದಿನ ಇರಬೇಕಲ್ಲ.

ಇಷ್ಟು ವರ್ಷ ಒಲೆಯ ಮುಂದೆ ನಿಂತವನು ಹಿಟ್ಟು ಉಬ್ಬುತ್ತದೆ ಎನ್ನುವುದನ್ನು ಮರೆತಿದ್ದೆ. ಹೊಟ್ಟೆ ಉರಿಯುವಾಗ ಕಸುಬೂ ಕೈಕೊಡುತ್ತದೆ. ಹೊರಗೆ ತೆಗೆದು ನೋಡಿದರೆ ಸಮುದ್ರಗಳೆಲ್ಲ ಉಬ್ಬಿ ಮೇಲೆದ್ದಿದ್ದವು, ಖಂಡಗಳು ಬಿರಿದು, ಜಾರಿ, ಸಿಕ್ಕ ಸಿಕ್ಕ ಕಡೆ ಹೋಗಿ ಅಂಟಿಕೊಂಡಿದ್ದವು. ಆಫ್ರಿಕಾ ಎಲ್ಲಿ ಮುಗಿಯಿತು, ಅಮೆರಿಕ ಎಲ್ಲಿ ಶುರುವಾಯಿತು ದೇವರಿಗೇ ಗೊತ್ತು.

ನಮ್ಮ ಹಿರಿಯ ಮೇಸ್ತ್ರಿ ಬಂದು ಬಗ್ಗಿ ನೋಡಿದ. “ಚೆನ್ನಾಗಿದೆ. ಹಸು ಅಲ್ವಾ?”

“ಲೋಕ ಕಣಯ್ಯ ಅದು.”

“ಹೌದಾ? ಬಾಲ ಎಲ್ಲಿ ಅಂತ ಹುಡುಕ್ತಿದ್ದೆ,” ಎಂದು ಹೋದ.

ಬೇರೆ ಮಾಡಲು ಹೊತ್ತಿರಲಿಲ್ಲ. ಅದನ್ನೇ ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂದೆ, ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಣ್ಣಿಗೆ ಒಂದು ಚಿಟಿಕೆ ನಿದ್ದೆಯನ್ನೂ ಕೊಡದೆ ಮಗಳ ಕೈ ಹಿಡಿದು ಹೊರಟೆ. ಅವಳು ದಾರಿಯುದ್ದಕ್ಕೂ ನನ್ನ ಬೆರಳು ಹಿಡಿದಿದ್ದಳು, ಆದರೆ ಬಸ್ಸಿನ ಕಂಬಿ ಹಿಡಿದ ಹಾಗೆ, ಬೀಳದಿರಲೆಂದು ಮಾತ್ರ.

ತರಗತಿಯ ಕೋಣೆಯಲ್ಲಿ ನೆಲದ ತುಂಬ ಚಾಪೆ, ಗೋಡೆಯ ತುಂಬ ಮಕ್ಕಳ ಚಿತ್ರ. ದೊಡ್ಡವರಿಗೆಂದು ಹಾಕಿದ್ದೂ ಮಕ್ಕಳ ಕುರ್ಚಿಗಳೇ. ಕೂತರೆ ಮೊಣಕಾಲು ಕಿವಿಗೆ ಬಂದವು. ಒಬ್ಬ ಅಜ್ಜಿ ತನ್ನ ಮೊಮ್ಮಗನನ್ನು ಮುಂದೆ ಕೂರಿಸಿಕೊಂಡು, ರಜೆಯ ದಿನ ಮನೆಯ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ತಲೆ ಬಾಚುವುದನ್ನು ತೋರಿಸಿದರು. ಅವನು ಇಲ್ಲಿಯೂ ಮನೆಯಲ್ಲಿ ಅತ್ತ ಹಾಗೆಯೇ ಅತ್ತ. ಒಬ್ಬ ಅಪ್ಪ, ಅವನ ಮಗ ಸೇರಿ ಇಲ್ಲದ ಸ್ಕೂಟರನ್ನು ಇದೆಯೆಂದುಕೊಂಡು ತೊಳೆದರು. ಬಾಯಲ್ಲೇ ನೀರಿನ ಸದ್ದು ಮಾಡಿದರು, ಕೊನೆಗೆ ಒಬ್ಬರ ಮೇಲೊಬ್ಬರು ಇಲ್ಲದ ನೀರು ಎರಚಿಕೊಂಡರು. ಆ ಅಪ್ಪನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅವನಿಗೆ ತನ್ನ ಪಾತ್ರ ಬಾಯಿಪಾಠವಿತ್ತು.

ನಮ್ಮ ಸರದಿ ಬಂತು. ಬಟ್ಟೆ ಬಿಚ್ಚಿದೆ.

“ಹಸು!” ಎಂದು ಇಡೀ ಕ್ಲಾಸು ಕೂಗಿತು.

“ಇದು ಲೋಕ,” ಎಂದೆ. “ನಮ್ಮ ಮನೆಯಲ್ಲಿ ರಜೆಯ ದಿನ...” ಎಂದು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದನ್ನು ಹೇಳತೊಡಗಿದೆ.

“ಸುಳ್ಳು,” ಎಂದಳು ಬಟಾಣಿ.

ಅವಳ ಕೆಳತುಟಿ ನಡುಗುತ್ತಿತ್ತು. “ಮಿಸ್, ಇದು ನಮ್ಮನೇದಲ್ಲ. ಅಪ್ಪ ಇದನ್ನ ಯಾವತ್ತೂ ಮಾಡಿಲ್ಲ. ಅಪ್ಪನಿಗೆ ನಮ್ಮನೇದು ಗೊತ್ತೇ ಇಲ್ಲ.”

ಕಾಲ ಕೆಳಗಿನ ಚಾಪೆ ನನ್ನನ್ನು ಸುತ್ತಿಕೊಂಡು ಮೂಲೆಯಲ್ಲಿ ನಿಲ್ಲಿಸಬಾರದೇ ಎನ್ನಿಸಿತು. ಮಿಸ್ಸು ಒಳ್ಳೆಯವರು. ನನ್ನ ಕಡೆ ನೋಡಲಿಲ್ಲ. ಮಂಡಿಯೂರಿ ಅವಳ ಎತ್ತರಕ್ಕೆ ಬಂದರು. “ಹಾಗಾದ್ರೆ ನಿಮ್ಮನೇದು ಯಾವುದು ಪುಟ್ಟಾ? ನೀನೇ ಹೇಳು.”

ಬಟಾಣಿ ಮೂಗೊರೆಸಿಕೊಂಡಳು. “ನಮ್ಮನೇಲಿ ರಜ ಬಂದ್ರೆ ಯಾರೂ ಮಾತಾಡಬಾರದು.”

“ಯಾಕೆ?”

“ಅಪ್ಪ ಮಲಗಿರ್ತಾನಲ್ಲ.”

ಅವಳು ಹೇಳುತ್ತ ಹೋದಳು, ನಾನು ಕೇಳುತ್ತ ಹೋದೆ. ರಜೆಯ ಬೆಳಿಗ್ಗೆ ಮೊದಲು ಕರೆಗಂಟೆಗೆ ಕಾಲುಚೀಲ ತೊಡಿಸಬೇಕು. ನಲ್ಲಿಯ ಕೆಳಗೆ ಬಟ್ಟೆ ಹಾಸಿ ನೀರನ್ನು ದಾರದ ಹಾಗೆ ಬಿಡಬೇಕು. ಬಿಸ್ಕತ್ತನ್ನು ಹಾಲಿನಲ್ಲಿ ಅದ್ದಿಯೇ ತಿನ್ನಬೇಕು, ಕಚ್ಚಿದರೆ ಕರುಂ ಎನ್ನುತ್ತದೆ. ಕಿವಿ ಎಳೆದರೆ ನೀರು ಬೇಕು, ಮೂಗು ಹಿಡಿದರೆ ಒಂದಕ್ಕೆ ಬಂತು, ಹೊಟ್ಟೆ ಸವರಿದರೆ ಇನ್ನೊಂದು ಬಿಸ್ಕತ್ತು. ನಗು ಬಂದರೆ ದಿಂಬಿನೊಳಗೆ ನಗಬೇಕು. ಅದಕ್ಕೆಂದೇ ಒಂದು ದಿಂಬಿದೆ, ಅದರ ಹೆಸರು ನಗುದಿಂಬು. ಕೊನೆಯಲ್ಲಿ ಎಲ್ಲಕ್ಕಿಂತ ದೊಡ್ಡದು: ತುದಿಗಾಲಲ್ಲಿ ಅಪ್ಪನ ಕೋಣೆಗೆ ಹೋಗಿ, ಎಬ್ಬಿಸದೆ, ಎಷ್ಟು ಹತ್ತಿರ ಹೋಗಲು ಆಗುತ್ತದೋ ಅಷ್ಟು ಹತ್ತಿರ ಹೋಗಬೇಕು.

“ಮಾಮ ಬಾಗಿಲ ತನಕ ಮಾತ್ರ. ಅವನಿಗೆ ಭಯ. ನಾನು ಕಾಲು ಬೆರಳು ಮುಟ್ಟಿದೀನಿ. ಮೂಗು ಮುಟ್ಟಿದ್ರೆ ಗೆದ್ದ ಹಾಗೆ. ಮೂಗು ಇನ್ನೂ ಆಗಿಲ್ಲ.”

“ಆಮೇಲೆ?” ಎಂದರು ಮಿಸ್ಸು, ಮೆಲ್ಲಗೆ.

“ಆಮೇಲೆ ಅಪ್ಪ ಎದ್ದುಬಿಡ್ತಾನೆ. ಹಬ್ಬ ಮುಗಿದೋಗತ್ತೆ.”

ಯಾರೂ ನಗಲಿಲ್ಲ. ಸ್ಕೂಟರಿನ ಅಪ್ಪ ನನ್ನತ್ತ ನೋಡಿ ಬೇರೆ ಕಡೆ ಕಣ್ಣು ಹೊರಳಿಸಿದ. ನನ್ನ ತಲೆಯಲ್ಲಿ ನಾನು ಎದ್ದ ಮಧ್ಯಾಹ್ನಗಳೆಲ್ಲ ಬಂದು ಸಾಲುಗಟ್ಟಿದವು. ಕೆಮ್ಮಿ, ಆಕಳಿಸಿ, “ಟೀ ಇದ್ಯಾ?” ಎಂದು ಕೂಗುತ್ತ ಹೊರಗೆ ಬಂದಾಗ ಅವರಿಬ್ಬರೂ ಗೋಡೆಗೊರಗಿ ಏನೂ ಆಗದವರಂತೆ ಕೂತಿರುತ್ತಿದ್ದರು. ನಾನು ಅಂದುಕೊಳ್ಳುತ್ತಿದ್ದೆ, ಪಾಪ, ಮಗುವಿಗೆ ಬೇಸರವಾಗಿದೆ ಎಂದು.

“ತೋರಿಸ್ತೀಯಾ?” ಎಂದರು ಮಿಸ್ಸು.

“ಅದಕ್ಕೆ ಮಾಮ ಬೇಕು. ಮಲಗೋರು ಒಬ್ರು, ಎದ್ದಿರೋರು ಇಬ್ರು.”

ಅಷ್ಟರಲ್ಲಿ ಯಾರೋ ಕಿಟಕಿಯಲ್ಲಿ ಕೆಮ್ಮಿದರು. ಬಾಮೈದ! ಕೈಯಲ್ಲಿ ಬಟಾಣಿಯ ನೀರಿನ ಬಾಟಲಿ. “ಮರೆತು ಬಂದಿದ್ಲು, ಕೊಟ್ಟು ಹೋಗೋಣ ಅಂತ...” ಎಂದ. ಬಾಟಲಿಯಲ್ಲಿ ನೀರಿರಲಿಲ್ಲ. ಕಚೇರಿಯ ಹೊತ್ತಿನಲ್ಲಿ ಖಾಲಿ ಬಾಟಲಿ ಕೊಡಲು ಬಂದವನನ್ನು ಕಂಡು ನನ್ನ ಮಗಳ ಮುಖ ಅರಳಿದ ಪರಿಯನ್ನು ನಾನು ನೋಡಬಾರದಿತ್ತು, ನೋಡಿದೆ.

“ಬಾರಯ್ಯ ಒಳಗೆ,” ಎಂದೆ. ಇನ್ನೇನು ಹೇಳುವುದು?

ನನ್ನ ಪಾತ್ರ ಯಾವುದೆಂದು ಹೇಳಬೇಕಾಗಿರಲಿಲ್ಲ. ಚಾಪೆಯ ಮೇಲೆ ಮಲಗಿದೆ. ಬಟಾಣಿ ತನ್ನ ಚೀಲವನ್ನು ನನ್ನ ತಲೆಯಡಿ ಇಟ್ಟು, ಬ್ರೆಡ್ಡು ಸುತ್ತಿದ್ದ ಬಟ್ಟೆಯನ್ನು ಹೊದಿಸಿದಳು. ಮಿಸ್ಸು ಕಿಟಕಿಯ ಪರದೆ ಎಳೆದರು. ಹಿಂದಿನ ಮಧ್ಯಾಹ್ನದಿಂದ ನೆಲ ಕಾಣದ ಬೆನ್ನು ನನ್ನದು. ಕಣ್ಣು ಮುಚ್ಚಿ, ಈ ಸಲ ಎಲ್ಲವನ್ನೂ ಕೇಳಿಸಿಕೊಳ್ಳುತ್ತೇನೆ, ಏನೇನು ಮಾಡುತ್ತಾರೋ ಒಂದನ್ನೂ ಬಿಡುವುದಿಲ್ಲ ಎಂದುಕೊಂಡೆ. ಬಾಮೈದ ಶೂ ಬಿಚ್ಚುತ್ತಿದ್ದ. ಒಂದು ಶೂ ಬಿಚ್ಚಿದ್ದು ಕೇಳಿಸಿತು. ಎರಡನೆಯದು ಕೇಳಿಸಲಿಲ್ಲ.

ನಿದ್ದೆ ಬಂದುಬಿಟ್ಟಿತು.

ಎಚ್ಚರವಾದಾಗ ಎಲ್ಲಿದ್ದೇನೆಂದು ತಿಳಿಯಲಿಲ್ಲ. ಎಷ್ಟು ಹೊತ್ತಾಗಿತ್ತೋ. ರೆಪ್ಪೆಯನ್ನು ಕೂದಲೆಳೆಯಷ್ಟು ತೆರೆದೆ. ಸುತ್ತಲೂ ಪುಟ್ಟ ಪುಟ್ಟ ಬರಿಗಾಲುಗಳು. ಅಕ್ಕಪಕ್ಕದ ತರಗತಿಯ ಮಕ್ಕಳೂ ಬಂದು ಬಾಗಿಲಲ್ಲಿ ನಿಂತಿದ್ದರು. ಶಾಲೆಯ ಗಂಟೆಗೆ ಯಾರದೋ ಕಾಲುಚೀಲ ತೊಡಿಸಿ ಮಿಸ್ಸು ಅದನ್ನು ಎದೆಗವಚಿಕೊಂಡಿದ್ದರು. ತಲೆ ಬಾಚುವ ಅಜ್ಜಿ ಕಿವಿ ಎಳೆದುಕೊಂಡು ನೀರು ಕೇಳುತ್ತಿದ್ದರು. ನನ್ನ ಲೋಕವನ್ನು ಹರಿದು ಹಂಚಿಕೊಂಡಿದ್ದರು. ಎಲ್ಲರ ಬಾಯಲ್ಲೂ ಒಂದೊಂದು ತುಂಡು, ಎಲ್ಲರೂ ನಿಧಾನವಾಗಿ, ಸದ್ದಿಲ್ಲದೆ ಅಗಿಯುತ್ತಿದ್ದರು.

ನಡುವೆ ಬಟಾಣಿ, ತುದಿಗಾಲಲ್ಲಿ. ಅವಳ ಹಿಂದೆ ಬಗ್ಗಿಕೊಂಡು, ತುಟಿಯ ಮೇಲೆ ಬೆರಳಿಟ್ಟ ಅವಳ ಮಾಮ.

ಮಗಳ ಎಲ್ಲ ಮುಖಗಳೂ ನನಗೆ ಗೊತ್ತು ಎಂದುಕೊಂಡಿದ್ದೆ. ಈ ಮುಖ ಗೊತ್ತಿರಲಿಲ್ಲ. ಕೆನ್ನೆಯ ತುಂಬ ಒತ್ತಿ ಹಿಡಿದ ನಗು, ಕಣ್ಣಿನಲ್ಲಿ ಭಯ, ಆಸೆ, ಎಲ್ಲ ಒಟ್ಟಿಗೆ ಮಿನುಗುತ್ತಿದ್ದವು. ಅದು ನನಗಾಗಿಯೇ ಇದ್ದ ಮುಖ. ನನ್ನ ಕಡೆಯೇ ನೋಡುತ್ತಿದ್ದ ಮುಖ. ಆದರೆ ಇಷ್ಟು ದಿನ ಅದನ್ನು ನೋಡಿದವನು ಅವನು. ಒಂದೊಂದು ರಜೆಗೂ, ಮನದಣಿಯೆ, ಬಾಗಿಲ ಪಕ್ಕ ನಿಂತು ನೋಡಿದ್ದಾನೆ. ಅಷ್ಟೂ ರಜೆಗಳನ್ನು ಅವನ ಕೈಯಿಂದ ಕಸಿದುಕೊಳ್ಳಬೇಕು ಎನ್ನುವಷ್ಟು ಸಂಕಟವಾಯಿತು. ಎದ್ದು ಕೂತು ಅವಳನ್ನು ಎತ್ತಿಕೊಳ್ಳಬೇಕೆನ್ನಿಸಿತು. ಎದ್ದರೆ ಮುಗಿಯಿತು.

ಕಣ್ಣು ಮುಚ್ಚಿದೆ.

ಆದರೆ ಏನೋ ತಪ್ಪಿತ್ತು. ಹೆಜ್ಜೆಗಳೆಲ್ಲ ಇದ್ದಲ್ಲೇ ನಿಂತವು. “ನಿಂತೋಯ್ತು,” ಎಂದು ಒಂದು ಮಗು ಪಿಸುಗುಟ್ಟಿತು. ಕಿವಿಯ ಹತ್ತಿರ ಬಾಮೈದನ ಉಸಿರು ಬಂತು. “ಭಾವ, ಎದ್ದಿದೀರ ಅಂತ ಗೊತ್ತಾಯ್ತು. ಗೊರಕೆ ನಿಂತೋಗಿದೆ. ಹೊಡೀರಿ. ಇನ್ನೇನು ಮೂಗಿಗೆ ಬಂದ್ಲು.”

ನಾನು ಗೊರಕೆ ಹೊಡೆದೆ.

ಯಾರೋ ಅಂಗೈಯೊಳಗೆ ನಕ್ಕರು. ಬಟಾಣಿಯ ಪಿಸುಮಾತು ನನ್ನ ತಲೆಯ ಮೇಲೆಯೇ ಕೇಳಿಸಿತು. “ಮಾಮ, ಅಪ್ಪನ ಗೊರಕೆ ಹೀಗಿಲ್ಲ. ನೀನು ಮಾಡಿ ತೋರಿಸ್ತೀಯಲ್ಲ, ಅದೇ ಸರಿ.”

“ಶ್... ಮಾಡ್ತಾರೆ ನೋಡು ಈಗ.”

ನನ್ನ ಗೊರಕೆ! ಅದನ್ನೂ ಇವನು ನನಗಿಂತ ಚೆನ್ನಾಗಿ ಮಾಡುತ್ತಾನೆ! ಹೊಟ್ಟೆಯೊಳಗಿನ ಕಾವು ಎದೆಗೆ ಬಂತು, ಎದೆಯಿಂದ ಗಂಟಲಿಗೆ ಬಂತು. ದವಡೆ ಸಡಿಲ ಬಿಟ್ಟು, ಬಾಯಿ ಅರ್ಧ ತೆರೆದು, ಉಸಿರನ್ನು ತಳದಿಂದ ಎಳೆದು, ಮೇಲೆ ಒಂದು ಕ್ಷಣ ಹಿಡಿದು, ಆಮೇಲೆ ಬಿಟ್ಟೆ. ಅಂಥ ಗೊರಕೆಯನ್ನು ನಿಜವಾದ ನಿದ್ದೆಯಲ್ಲೂ ಹೊಡೆದಿರಲಾರೆ. ಬಾಗಿಲ ಬಳಿಯ ಮಕ್ಕಳು ಹಿಂದೆ ಸರಿದದ್ದು ಚಾಪೆಯಲ್ಲಿ ತಿಳಿಯಿತು.

“ಹಾಂ,” ಎಂದಳು ಬಟಾಣಿ.

ಬ್ರೆಡ್ಡಿನ ಪುಡಿ ಮೆತ್ತಿದ ಒಂದು ಬೆರಳು ಬಂದು ನನ್ನ ಮೂಗಿನ ತುದಿಯ ಮೇಲೆ ನಿಂತಿತು. ನೊಣ ಕೂತಷ್ಟು ಹಗುರ. ತೆಗೆಯಲಿಲ್ಲ, ಅಲ್ಲೇ ಇಟ್ಟುಕೊಂಡಳು. ನಾನು ಗೊರಕೆ ಹೊಡೆಯುತ್ತಲೇ ಇದ್ದೆ. ಆ ಹೊತ್ತಿನಲ್ಲಿ ಬಾಮೈದನ ಮುಖ ಹೇಗಾಗಿದೆಯೆಂದು ಒಂದು ಸಲ ನೋಡಬೇಕೆಂದು ಬಹಳ ಆಸೆಯಾಯಿತು. ಕಣ್ಣು ತೆರೆಯಲಿಲ್ಲ.